ಸಯಾಮಿನ ಸಾರು

ಗಂಡ ಸತ್ತು ವರ್ಷವಾಗುತ್ತ ಬಂದರೂ ಗುಡ್ಡವ್ವನ ಸಿಟ್ಟು ಇಳಿದಿರಲಿಲ್ಲ. ಸತ್ತದ್ದಕ್ಕಲ್ಲ (ಅದಕ್ಕೆ ಅತ್ತಾಗಿತ್ತು). ಸಾರಿನ ಸಿಟ್ಟು.

ಗಂಡ ಮೈಲಾರಪ್ಪ ಮದುವೆಗೆ ಮುಂಚೆ ಮಿಲಿಟರಿಯಲ್ಲಿದ್ದವನು. ದೊಡ್ಡ ಲಡಾಯಿಯಲ್ಲಿ ಬರ್ಮಾ ದಾಟಿ, ಈಗ ಥಾಯ್ಲೆಂಡ್ ಅನ್ನುವ ಸಯಾಮ್ ದೇಶಕ್ಕೆ ಹೋಗಿದ್ದನಂತೆ. ಅಲ್ಲೊಂದು ಸಿಗಡಿ ಸಾರು ಉಂಡಿದ್ದನಂತೆ. ಹುಬ್ಬಳ್ಳಿಗೆ ಬಂದು ರೈಲ್ವೆ ಕಾರ್ಖಾನೆ ಸೇರಿದ ಮೇಲೆ ಹದಿನಾರು ವರ್ಷ ಅವನು ಉಂಡದ್ದು ಗುಡ್ಡವ್ವನ ಸಾರು, ಹೊಗಳಿದ್ದು ಸಯಾಮಿನದು.

"ಕಾಯಿಹಾಲು, ಹಸಿಮೆಣಸಿನಕಾಯಿ, ನಿಂಬಿ ವಾಸನಿ ಮಜ್ಜಿಗಿ ಹುಲ್ಲು. ಮ್ಯಾಲೆ ನಾಲ್ವತ್ತು ದಿನ ಮೀನ ಕೊಳಿಸಿದ ನೀರು. ಆಹಾ!"

"ಹುಲ್ಲು ತಿನ್ನಾಕ ನಾವೇನ ಎಮ್ಮಿ ಏನ್ರಿ?"

"ನೀ ಉಂಡಿಲ್ಲ. ನಿನಗೇನ ಗೊತ್ತು?"

ಈ ಮಾತಿಗೆ ಅವಳ ಬಳಿ ಉತ್ತರವಿರಲಿಲ್ಲ. ಸಾಯುವ ಹಿಂದಿನ ವಾರವೂ ಅವನು ಇದನ್ನೇ ಅಂದು, ತಾಟು ನೆಕ್ಕಿ ಎದ್ದಿದ್ದ.

ವರ್ಷದ ದಿನ ಸತ್ತವರಿಗೆ ಪ್ರೀತಿಯದ್ದನ್ನು ಎಡೆ ಇಡಬೇಕು. ಸಯಾಮಿನ ಸಾರೇ ಆಗಲಿ ಎಂದಳು ಗುಡ್ಡವ್ವ. ಅದೇ ರುಚಿ ಬಂತೋ ಇಲ್ಲವೋ ಹೇಳುವವನು ಊರಿಗೆಲ್ಲ ಒಬ್ಬನೇ, ಮೈಲಾರಪ್ಪನ ಜೊತೆ ಮಿಲಿಟರಿಯಲ್ಲಿದ್ದ ಮೆಕ್ಯಾನಿಕ್ ಲಾಲಸಾಬ. ಅವನಿಗೆ ಊಟಕ್ಕೆ ಹೇಳಿದಳು. ಲಾಲಸಾಬ ಯಾಕೋ ಕೆಮ್ಮಿದ. ಬರುತ್ತೇನೆ ಎಂದ.

ನಲವತ್ತು ದಿನ ಮೊದಲೇ ಗಡಿಗೆಯಲ್ಲಿ ಮೀನು, ಉಪ್ಪು, ನೀರು ಹಾಕಿ ಬಾಯಿ ಕಟ್ಟಿ ಮಾಳಿಗೆಯ ಬಿಸಿಲಿಗಿಟ್ಟಳು. ಹತ್ತನೆಯ ದಿನ ಓಣಿಯ ಬೆಕ್ಕುಗಳೆಲ್ಲ ಮಾಳಿಗೆಯ ಮೇಲೆ ಮಹಾಸಭೆ ಸೇರಿದವು. ಇಪ್ಪತ್ತನೆಯ ದಿನ ಪಕ್ಕದ ಮನೆಯ ಗುಲ್ಜಾರಬಿ ಮೂಗಿಗೆ ಸೆರಗು ಹಿಡಿದು ತನ್ನ ಮನೆಯ ಗಂಡಸರಿಂದ ಗಟಾರದ ಕಲ್ಲು ಕೀಳಿಸಿದಳು.

"ಹೆಗ್ಗಣ ಸತ್ತೈತಿ ಅಕ್ಕಾ!"

"ದೊಡ್ಡದs ಇರಬೇಕವ್ವಾ," ಎಂದಳು ಗುಡ್ಡವ್ವ, ಕಲ್ಲು ಸರಿಸಲು ಕೈಯನ್ನೂ ಕೊಟ್ಟಳು.

ಮೂವತ್ತನೆಯ ದಿನ ಗುಟ್ಟು ರಟ್ಟಾಯಿತು. ಗುಲ್ಜಾರಬಿ ಬೈದಳು. ಆಮೇಲೆ ಕಥೆ ಕೇಳಿದಳು. ಕೇಳಿದ ಮೇಲೆ ತಾನೇ ಕಾವಲು ಕುಳಿತು ಬೆಕ್ಕು ಓಡಿಸಿದಳು.

ಆ ದಿನ ಬಂತು. ಬೆಳಗಾಗುವ ಮೊದಲೇ ಗುಡ್ಡವ್ವ ಎದ್ದಳು. ಕಾರವಾರದ ಲಾರಿಯಿಂದ ಸಿಗಡಿ ಬಂದಿತ್ತು, ಉಪ್ಪಿನಬೆಟಗೇರಿಯ ತಂಗಿಯ ಹಿತ್ತಲಿಂದ ಮಜ್ಜಿಗೆ ಹುಲ್ಲು. ಕಾಯಿ ತುರಿದು ಹಿಂಡಿ ರಟ್ಟೆ ಬಿದ್ದುಹೋಯಿತು. ಎಲ್ಲ ಕುದಿದ ಮೇಲೆ ಗಡಿಗೆಯ ನೀರು ಒಂದು ಸೌಟು ಹಾಕಿದಳು. ಅಬ್ಬಾ! ನಾತ ಹೋಗಿ ಘಮ ಎದ್ದಿತು.

ಫೋಟೋದ ಮುಂದೆ ಎಡೆ ಇಟ್ಟಳು. ಲಾಲಸಾಬನಿಗೆ ಬಡಿಸಿದಳು. ಅವನು ಉಂಡ. ಮತ್ತೆ ಹಾಕಿಸಿಕೊಂಡ. ಮೂರನೆಯ ಸಲಕ್ಕೆ ಗುಡ್ಡವ್ವ ಸೌಟನ್ನು ಮೇಲೆಯೇ ಹಿಡಿದಳು.

"ಅಣ್ಣಾ, ಅದs ರುಚಿ ಹೌದೋ ಅಲ್ಲೋ? ಹೇಳ್ರಿ, ಆಮ್ಯಾಲೆ ಹಾಕತೇನಿ."

ಲಾಲಸಾಬ ಸೌಟು ನೋಡಿದ, ಫೋಟೋ ನೋಡಿದ.

"ವೈನಿ, ಅನ್ನದ ಮುಂದ ಸುಳ್ಳು ಹೇಳಾಂಗಿಲ್ಲ. ನಾವಿಬ್ಬರೂ ಪುಣೆ ದಾಟಿಲ್ರಿ."

"ಏನಂದ್ರಿ?"

"ಇಬ್ಬರಿಗೂ ಕಾಮಣಿ ಆಗಿತ್ತು, ಕಣ್ಣೆಲ್ಲಾ ಹಳದಿ. ದವಾಖಾನಿಯಾಗ ಮೂರು ತಿಂಗಳು ಬರೇ ಗಂಜಿ. ಬಾಜೂ ಖಾಟಿನ ಮ್ಯಾಲೆ ಸಯಾಮ್ ಕಂಡು ಬಂದ ಒಬ್ಬ ಹವಾಲ್ದಾರ. ದಿನಾ ಗಂಜಿ ಹೊತ್ತಿಗೆ ಈ ಸಾರಿನ ಕಥಿ ಹೇಳತಿದ್ದ. ಅದನ್ನ ಕೇಳಿಕೋತ ಗಂಜಿ ನುಂಗಿದ್ವಿ. ಎದ್ದು ನಿಲ್ಲೂದ್ರಾಗ ಲಡಾಯಿ ಮುಗೀತು. ಊರಿಗೆ ಬಂದು ಕಾಮಣಿ ಆಗಿತ್ತು ಅಂದ್ರ ಯಾರು ಕೇಳತಾರ್ರಿ?"

ಹದಿನಾರು ವರ್ಷ! ಗುಡ್ಡವ್ವನಿಗೆ ಸೌಟನ್ನು ಯಾರ ಮೇಲೆ ಎಸೆಯಬೇಕೋ ತಿಳಿಯಲಿಲ್ಲ. ಎಸೆಯಬೇಕಾದವನು ಗಾಜಿನ ಹಿಂದೆ ಮೀಸೆ ತಿರುವಿ ಕುಳಿತಿದ್ದ.

ಅಷ್ಟರಲ್ಲಿ ಗೋಡೆಯ ಮೇಲಿಂದ ಗುಲ್ಜಾರಬಿ ಕೂಗಿದಳು. "ಅಕ್ಕಾ! ಹೆಂಗಾತು? ನಿಮ್ಮ ಮನಿಯವರು ಹೇಳತಿದ್ದಂಗs ಆತೇನ?"

ಲಾಲಸಾಬ ತಾಟಿನಲ್ಲಿ ಮುಖ ಹುದುಗಿಸಿದ.

"ಹೇಳತಿದ್ದಂಗs ಆತವ್ವಾ," ಎಂದಳು ಗುಡ್ಡವ್ವ. "ಕೂದಲೆಳಿ ಫರಕಿಲ್ಲ." (ಸುಳ್ಳೇನಲ್ಲ.)

ನಿಂತಲ್ಲೇ ಸೌಟಿನಿಂದ ತಾನೂ ಒಂದು ಗುಟುಕು ಕುಡಿದಳು. ಛಲೋ ಇತ್ತು. ಬಲು ಛಲೋ ಇತ್ತು. ಫೋಟೋದ ಕಡೆ ತಿರುಗಿದಳು.

"ನೀವು ಉಂಡಿಲ್ಲ. ನಿಮಗೇನ ಗೊತ್ತು?"

ಹದಿನಾರು ವರ್ಷದ ಉತ್ತರ ಕೊಟ್ಟಾಯಿತು. ಆದರೆ ಎಡೆ? ಅವನು ಖರೇ ಉಂಡದ್ದು, ತಾಟು ನೆಕ್ಕಿದ್ದು, ಅವಳ ಕೈಯ ಸಾರನ್ನೇ. ಅದನ್ನು ಬಿಟ್ಟು ಮನೆಯಲ್ಲಿ ಇವತ್ತು ಎಲ್ಲವೂ ಇತ್ತು.

ಗುಡ್ಡವ್ವ ಬಿದ್ದ ರಟ್ಟೆಯನ್ನು ತಿಕ್ಕಿಕೊಂಡಳು. ಸೆರಗು ಸಿಕ್ಕಿಸಿ ಆರಿದ ಒಲೆಯನ್ನು ಮತ್ತೆ ಊದಿದಳು.

"ಕುಂದರ್ರಿ," ಎಂದಳು ಫೋಟೋಕ್ಕೆ. "ಮಾಡತೇನಿ."

"ವೈನಿ," ಎಂದ ಲಾಲಸಾಬ, "ಹೆಂಗೂ ಒಲಿ ಹಚ್ಚೀರಿ. ನನಗೂ ಎರಡು ರೊಟ್ಟಿ ಬಡೀರಿ."