ಹಿಪ್ಪುನೇರಳೆ ಸಾಲಿನಲ್ಲಿ ಕಂಡಕ್ಟರ್ ಮಾವ

ಹಕ್ಕಿಗಳು ನೆಮ್ಮದಿಯಾಗಿ ಹಣ್ಣು ತಿನ್ನಲೆಂದು ತಾನು ದಿನವೂ ಹೆಂಡತಿಯಿಂದ ಬೈಗುಳ ತಿನ್ನುವ ಮನುಷ್ಯ ಇಡೀ ಬೈರಕೂರು ಹೋಬಳಿಯಲ್ಲಿ ಒಬ್ಬರೇ ಇರುವುದು. ಅವರು ನನ್ನ ಸೋದರಮಾವ ಆಗಿರುವುದು ನನ್ನ ತಪ್ಪಲ್ಲ.

ಮಾವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ನಿವೃತ್ತರಾದ ಮೇಲೆ ಜೊತೆಯವರೆಲ್ಲ ಕಾಶಿಗೆ ಹೋದರೆ ಇವರು ಮುಳಬಾಗಿಲಿಗೆ ಹೋಗಿ, ಮುಚ್ಚುತ್ತಿದ್ದ ಸ್ಟುಡಿಯೊ ಒಂದರಿಂದ ಹಳೆಯ ಕ್ಯಾಮೆರಾ ತಂದರು. ತೋಟದಲ್ಲಿ ರೇಷ್ಮೆಹುಳುವಿಗೆಂದು ಬೆಳೆಸಿದ ಹಿಪ್ಪುನೇರಳೆಯಲ್ಲಿ ಒಂದು ಸಾಲಿನ ಸೊಪ್ಪು ಕೊಯ್ಯದೆ ಹಣ್ಣಾಗಲು ಬಿಟ್ಟರು. ಕಪ್ಪಗೆ ಹಣ್ಣು ತೂಗಿದ್ದೇ ತಡ, ಜುಟ್ಟಿನ ಪಿಕಳಾರಗಳು ಸಂಸಾರ ಸಮೇತ ಬಂದಿಳಿದವು. ಐದಾರು ಹಕ್ಕಿ ಒಂದೇ ರೆಂಬೆಯಲ್ಲಿ ಒತ್ತಿಕೊಂಡು ಕೂತರೆ ಮಾವನ ಹಳೆಯ ಕಸುಬು ಸುಮ್ಮನಿರುತ್ತದೆಯೇ? "ಮುಂದಕ್ಕೋಗಿ, ಮುಂದಕ್ಕೋಗಿ, ಒಳಗೆ ಖಾಲಿ ಐತೆ!" ಎಂದು ಕೂಗಿದರಂತೆ. ಹಕ್ಕಿಗಳು ಪಕ್ಕದ ಊರಿನವರೆಗೂ ಮುಂದಕ್ಕೆ ಹೋದವು.

ಆಮೇಲೆ ಬುದ್ಧಿ ಬಂತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯೊಂದನ್ನು ನಿಲ್ಲಿಸಿ, ಅದರ ಮೇಲೆ ಅತ್ತೆಯ ಹಸಿರು ಸೀರೆ ಹೊದಿಸಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಕೂರತೊಡಗಿದರು. ಒಂದು ಬೆಳಿಗ್ಗೆ ಆ ದಾರಿಯಲ್ಲಿ ಬಂದ ಪಕ್ಕದ ತೋಟದ ಅಜ್ಜಿ ಅತ್ತೆಯೇ ಕೂತಿದ್ದಾಳೆಂದುಕೊಂಡು, ಬದುವಿನ ಮೇಲೆ ಕುಳಿತು ಅರ್ಧ ಗಂಟೆ ತೆಲುಗಿನಲ್ಲಿ ಸೊಸೆಯ ಗುಣಗಾನ ಮಾಡಿದಳು. ಹಕ್ಕಿ ಹಾರೀತೆಂದು ಮಾವ ಮಿಸುಕಲಿಲ್ಲ. ಅಜ್ಜಿ ಸಂಜೆ ಮನೆಗೇ ಬಂದು, ಮಧ್ಯೆ ಬಾಯಿ ಹಾಕದೆ ಕಷ್ಟ ಕೇಳುವವಳು ಊರಲ್ಲಿ ನೀನೊಬ್ಬಳೇ ಎಂದು ಅತ್ತೆಯನ್ನು ಹೊಗಳಿಹೋದಳು. ಅತ್ತೆಗೆ ಆ ಪ್ರಶಂಸೆ ಜೀವನದಲ್ಲಿ ಮೊದಲ ಸಲ ಸಿಕ್ಕಿದ್ದು!

ಇಷ್ಟೆಲ್ಲ ತಪಸ್ಸಿನ ಫಲವೇನು? ಒಂದು ಬಾಲ, ಅರ್ಧ ಜುಟ್ಟು, ಹಕ್ಕಿ ಹಾರಿಹೋದ ಮೇಲೆ ಅಲ್ಲಾಡುತ್ತಿರುವ ರೆಂಬೆ. ರೆಂಬೆಯ ಫೋಟೊಗಳೇ ನೂರಾರು.

ಹೋದ ತಿಂಗಳು ಹುಳುಗಳು ಮೇವು ಬಿಟ್ಟು ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದವು. ಆಗ ಅವುಗಳ ಹಸಿವು ಕೇಳಬೇಡಿ; ಸುರಿದಷ್ಟೂ ಸೊಪ್ಪು ಖಾಲಿ. ತೋಟದಲ್ಲಿ ಉಳಿದದ್ದು ಹಕ್ಕಿಗಳ ಸಾಲು ಒಂದೇ. ಅತ್ತೆ ಕುಡುಗೋಲು ಹಿಡಿದು ಹೊರಟರು, ಹಿಂದೆ ನಾನು. ನಮ್ಮನ್ನು ಕಂಡು ಪಿಕಳಾರಗಳು ಗಂಟಲು ಹರಿಯುವಂತೆ ಕಿರುಚಿದವು. ಸಾಲಿನಲ್ಲೇ ಗೂಡಿತ್ತು. ಐದು ಮಾರು ದೂರದಲ್ಲಿ ನಮಗೆ ಬೆನ್ನು ಮಾಡಿ ಕೂತಿದ್ದ ಮಾವ ತಿರುಗಲಿಲ್ಲ. ಅತ್ತೆ ಎರಡು ಸಲ ಕರೆದರು. ಹಟ ಮಾಡುತ್ತಿದ್ದಾರೆಂದು ಸಿಟ್ಟು ಬಂದು ಸೀರೆಯನ್ನೇ ಎಳೆದುಬಿಟ್ಟರು. ಮಾವ ಬೆಚ್ಚಿಬಿದ್ದರು.

"ಅವು ಆವಾಗ್ಲಿಂದ ಬಾಯ್ ಬಡ್ಕೊಂತಾವೆ, ನಾನೂ ಕೂಗ್ತಾನೇ ಇದೀನಿ. ಕೇಳ್ಸಲ್ವಾ?"

ಮಾವ ಕ್ಯಾಮೆರಾವನ್ನು ಮಡಿಲಿಗೆ ಇಳಿಸಿದರು.

"ನಿನ್ ಮಾತು ಹತ್ರ ಬಂದ್ರೆ ಕೇಳ್ಸ್ತೈತೆ. ಹಕ್ಕಿದು ಕೇಳ್ಸಲ್ಲ. ಎರಡ್ ವರ್ಷ ಆಯ್ತು."

ವರ್ಷಗಟ್ಟಲೆ ಎಂಜಿನ್ನಿನ ಪಕ್ಕ ನಿಂತ ಕಿವಿ. ಸಣ್ಣ ದನಿಗಳು ಮೊದಲು ಹೋಗುತ್ತವೆ, ಉಳಿದವು ನಿಧಾನವಾಗಿ ಎಂದು ಕೋಲಾರದ ಡಾಕ್ಟರು ಹೇಳಿದ್ದರಂತೆ. ಮಾವ ಅದನ್ನು ಯಾರಿಗೂ ಹೇಳಿರಲಿಲ್ಲ.

"ಕಣ್ಣಿಗಾದ್ರೂ ಸಿಗ್ಲಿ ಅಂತ ಕ್ಯಾಮೆರಾ ತಂದೆ" ಎಂದರು.

ಅತ್ತೆ ಕುಡುಗೋಲನ್ನು ನನ್ನ ಕೈಗೆ ಕೊಟ್ಟು, ಪಕ್ಕದ ತೋಟದ ಅಜ್ಜಿಯನ್ನು ಕೇಳಿ ಎರಡು ಹೊರೆ ಸೊಪ್ಪು ಕೊಯ್ದು ತರಲು ಹೇಳಿದರು. ನಾನು ಮೊದಲ ಹೊರೆ ಹೊತ್ತು ಬರುವಾಗ ಇಬ್ಬರೂ ಒಂದೇ ಸೀರೆಯ ಮರೆಯಲ್ಲಿದ್ದರು. ಎದುರಿನ ರೆಂಬೆಯಲ್ಲಿ ಪಿಕಳಾರ ಹಣ್ಣು ನುಂಗಿ ಕೂಗತೊಡಗಿತ್ತು. ಅದರ ಒಂದೊಂದು ಸ್ವರಕ್ಕೂ ಅತ್ತೆಯ ಬೆರಳು ಮಾವನ ಮೊಣಕಾಲಿನ ಮೇಲೆ ಮೆಲ್ಲಗೆ ತಟ್ಟುತ್ತಿತ್ತು. ಮಾವ ಫೋಟೊ ತೆಗೆಯುವುದನ್ನು ಮರೆತು ತಲೆದೂಗುತ್ತಿದ್ದರು.