ಮೂರು ಸಲ ತೊಳೆದ ಪಂಪು

ದೊಡ್ಡಳಿಯ: ತೊಳೆದಿದ್ದೀನಿ ಅಂತ ನೀನು ಹೇಳಿದ್ರೆ ಸಾಲದಪ್ಪ. ತೊಳೆಸಿಕೊಂಡಿದ್ದೀನಿ ಅಂತ ಪಂಪಿಗೂ ಗೊತ್ತಾಗಿರಬೇಕು!

ಚಿಕ್ಕಳಿಯ: ಪಂಪಿಗೆ ಬಾಯಿದ್ದಿದ್ರೆ ಅದೇ ಹೇಳ್ತಿತ್ತು ಅಣ್ಣಾ. ನೋಡಿ, ಹೇಗೆ ಫಳಫಳ ಅಂತಿದೆ. ಮುಖ ನೋಡ್ಕೋಬಹುದು.

ದೊಡ್ಡಳಿಯ: ಮುಖ ನೋಡ್ಕೊಳ್ಳೋಕೆ ನಮ್ಮನೇಲಿ ಕನ್ನಡಿ ಇದೆ. ನಾನು ಕೇಳ್ತಿರೋದು ಹೊಟ್ಟೆ ಸಮಾಚಾರ. ಒಳಗೆ?

ಚಿಕ್ಕಳಿಯ: ಒಳಗೂ ಮೂರು ಸಲ.

ಒಂದೇ ಮನೆಯ ಅಕ್ಕತಂಗಿಯರನ್ನು ಮದುವೆಯಾದ ಈ ಇಬ್ಬರು ಷಡ್ಡಕರು ಹಿತ್ತಿಲಿನಲ್ಲಿ ಎದುರುಬದುರಾಗಿ ನಿಂತಿದ್ದರು. ನಡುವೆ, ಬೆನ್ನಿಗೆ ಕಟ್ಟಿಕೊಂಡು ಔಷಧಿ ಹೊಡೆಯುವ ಪಂಪು, ಕಟಕಟೆಯಲ್ಲಿ ನಿಂತ ಕಳ್ಳನ ಹಾಗೆ ಕೂತಿತ್ತು. ಪಂಪು ದೊಡ್ಡಳಿಯನದು. ಹೊಲದ ಕಳೆಗೆ ಔಷಧಿ ಹೊಡೆಯಬೇಕೆಂದು ಚಿಕ್ಕಳಿಯ ಮೊನ್ನೆ ಒಯ್ದಿದ್ದ. ಈಗ ವಾಪಸು ತಂದಿದ್ದ. ಇತ್ತ ದೊಡ್ಡಳಿಯನ ಟೊಮೇಟೊ ಗಿಡಗಳು ಹೂ ಬಿಟ್ಟಿವೆ, ಹುಳವೂ ಬಿದ್ದಿದೆ. ಇವತ್ತು ಸಂಜೆ, ಗಾಳಿ ನಿಂತಿರುವ ಹೊತ್ತಿನಲ್ಲೇ ಇದೇ ಪಂಪಿನಲ್ಲಿ ಹುಳದ ಔಷಧಿ ಹೊಡೆಯಬೇಕು. ಒಳಗೆ ಕಳೆ ಔಷಧಿ ಒಂದಿಷ್ಟು ಉಳಿದಿದ್ದರೂ ಸಾಕು, ಹುಳಕ್ಕಿಂತ ಮೊದಲು ಗಿಡವೇ ಮುರುಟಿ ಸಾಯುತ್ತದೆ. ಆ ಗಿಡಗಳೋ, ಅವನು ಬೀಜದಿಂದ ಎಬ್ಬಿಸಿದವು; ಬಿಸಿಲಿಗೆ ಗೋಣಿ ಮರೆ ಕಟ್ಟಿ ಸಾಕಿದವು. ಹೆಂಡತಿ ಜ್ವರ ಅಂದರೂ ಮೊದಲು ಗಿಡ ನೋಡಿಕೊಂಡು ಬಂದು ಆಮೇಲೆ ಅವಳ ಹಣೆ ಮುಟ್ಟುವ ಮನುಷ್ಯ.

ನೆಂಟರಲ್ಲಿ ಅವನಿಗೆ ‘ಮೂರು ಸಲ’ ಎಂದೇ ಅಡ್ಡಹೆಸರು. ಕೈ ಮೂರು ಸಲ, ಲೋಟ ಮೂರು ಸಲ, ಪಂಪು ಮೂರು ಸಲ. ತೊಳೆಯುವ ಮಾತು ಬಂದರೆ ಅವನ ಬಾಯಲ್ಲಿ ಬೇರೆ ಲೆಕ್ಕವೇ ಇಲ್ಲ. ಅದಕ್ಕೇ ಚಿಕ್ಕಳಿಯ ದಾರಿಯುದ್ದಕ್ಕೂ ಅದೊಂದೇ ಉತ್ತರವನ್ನು ಉರು ಹೊಡೆದುಕೊಂಡು ಬಂದಿದ್ದ.

ನಿಜ ಸಂಗತಿ ಬೇರೆಯೇ ಇತ್ತು. ಅವನು ಪಂಪು ಒಯ್ದದ್ದು ನಿಜ, ಹೊಲಕ್ಕೆ ಹೋದದ್ದು ನಿಜ. ಅಲ್ಲಿ ಮರದ ನೆರಳು ತಂಪಾಗಿತ್ತೆನ್ನುವುದು ಎಲ್ಲಕ್ಕಿಂತ ದೊಡ್ಡ ನಿಜ. ಕೂತ, ಒರಗಿದ, ಕಣ್ಣು ಬಿಟ್ಟಾಗ ಹೊತ್ತು ಮುಳುಗುತ್ತಿತ್ತು. ಪಂಪಿನ ಮುಚ್ಚಳವನ್ನೂ ಅವನು ತಿರುಗಿಸಿರಲಿಲ್ಲ. ಮನೆಗೆ ಬಂದು ಮಾತ್ರ, “ಅಬ್ಬಾ, ದಿನವೆಲ್ಲಾ ಹೊಡೆದು ಬೆನ್ನು ಬಿತ್ತು” ಅಂದಿದ್ದ. ಆ ಮಾತು ನಂಬಿ ಅವನ ಬೆನ್ನಿಗೆ ಎಣ್ಣೆ ತಿಕ್ಕಿದ ಹೆಂಡತಿ ಈಗ ಪಕ್ಕದಲ್ಲೇ ನಿಂತಿದ್ದಳು.

ಹೆಂಡತಿ: ಭಾವ, ಪಾಪ, ಅವರನ್ನ ಗೋಳು ಹೊಯ್ಕೋಬೇಡಿ. ಮೊನ್ನೆ ಹೊಲದಿಂದ ಬಂದಾಗ ಬಗ್ಗೋಕೂ ಆಗ್ತಿರ್ಲಿಲ್ಲ. ಆದ್ರೂ ಮುಖದಲ್ಲಿ ಅದೇನು ಕಳೆ ಅಂತೀರಿ!

ದೊಡ್ಡಳಿಯ: ಮುಖದ ಕಳೆ ಇರ್ಲಮ್ಮ. ಹೊಲದ ಕಳೆ ಹೋಯ್ತಾ?

ಚಿಕ್ಕಳಿಯ: ಹೋಗುತ್ತೆ ಅಣ್ಣಾ. ಅದಕ್ಕೂ ಮನಸ್ಸು ಬರಬೇಕಲ್ಲ.

ದೊಡ್ಡಳಿಯ: ಸರಿ, ಪಂಪಿಗೆ ಬಾ. ಪೈಪು ತೊಳೆದ್ಯಾ?

ಚಿಕ್ಕಳಿಯ: ಪೈಪಾ? ಟ್ಯಾಂಕು ತೊಳೆದ್ಮೇಲೆ ಪೈಪಿಗೇನು?

ದೊಡ್ಡಳಿಯ: ತಟ್ಟೆ ತೊಳೆದು ಎಂಜಲು ಕೈ ಹಾಗೇ ಬಿಟ್ಟ ಹಾಗಾಯ್ತು! ಔಷಧಿ ಅಡಗಿ ಕೂರೋದೇ ಪೈಪಲ್ಲಿ ಕಣೋ. ಟ್ಯಾಂಕಿಗೆ ಸ್ವಲ್ಪ ನೀರು ಹಾಕಿ, ಮುಚ್ಚಳ ಬಿಗಿದು, ಚೆನ್ನಾಗಿ ಅಲ್ಲಾಡಿಸಿ, ಆ ನೀರನ್ನ ಪೈಪಿಂದಾನೇ ಹೊರಗೆ ಹೊಡೀಬೇಕು. ಆಮೇಲೆ ಮತ್ತೆ ಹೊಸ ನೀರು. ಹೀಗೆ ಮೂರು ಸಲ.

ಚಿಕ್ಕಳಿಯ: ಹಾಗೇ ಮಾಡಿದ್ದು. ಹೇಳೋಕೆ ಬರ್ಲಿಲ್ಲ ಅಷ್ಟೆ.

ದೊಡ್ಡಳಿಯ: ಅಲ್ಲಾಡಿಸಿದ್ಯಾ?

ಚಿಕ್ಕಳಿಯ: ನಾನೇ ಅಲ್ಲಾಡಿಹೋದೆ!

ದೊಡ್ಡಳಿಯ: ನಾಜಲ್ಲು?

ನಾಜಲ್ಲು ಎಂದರೆ ಪೈಪಿನ ತುದಿಯಲ್ಲಿರುವ ಸಣ್ಣ ತೂತಿನ ಮೂತಿ ಎನ್ನುವುದು ಚಿಕ್ಕಳಿಯನಿಗೆ ಗೊತ್ತಿತ್ತು. ಅದನ್ನು ಸ್ವಚ್ಛ ಮಾಡುವುದು ಹೇಗೆಂದು ಗೊತ್ತಿರಲಿಲ್ಲ. ಕತ್ತಲಲ್ಲಿ ಕಲ್ಲು ಬೀರಿದ.

ಚಿಕ್ಕಳಿಯ: ಬಿಚ್ಚಿ, ಬಾಯಿಂದ ಜೋರಾಗಿ ಊದಿದೆ.

ದೊಡ್ಡಳಿಯ: ಬಾಯಿಂದ!

ಹೆಂಡತಿ: ಅಯ್ಯೋ! ವಿಷಕ್ಕೆ ಬಾಯಿ ಹಾಕಿದ್ರಾ? ಅದಕ್ಕೇನಾ ನಿನ್ನೆ ಊಟ ಸೇರ್ತಿಲ್ಲ ಅಂದಿದ್ದು? ಎಲ್ಲಿ, ನಾಲಿಗೆ ತೋರ್ಸಿ!

ಚಿಕ್ಕಳಿಯ: ಏಯ್, ಬಾಯಿ ಹಾಕ್ಲಿಲ್ಲ ಕಣೇ. ದೂರದಿಂದ ಊದಿದೆ.

ದೊಡ್ಡಳಿಯ: ಎಷ್ಟು ದೂರದಿಂದ?

ಚಿಕ್ಕಳಿಯ: ಊದಿದ ಗಾಳಿ ತಲುಪದಷ್ಟು ದೂರದಿಂದ. ಅದಕ್ಕೇ ಆಮೇಲೆ ತಂತಿ ಹಾಕಿ ಚುಚ್ಚಿದೆ.

ದೊಡ್ಡಳಿಯ: ತಂತೀನಾ! ತೂತು ಹಿಗ್ಗಿಹೋಗುತ್ತಲ್ಲೋ! ಮಂಜಿನ ಹಾಗೆ ಬೀಳಬೇಕಾದ್ದು ಬಿಂದಿಗೆ ಬಗ್ಗಿಸಿದ ಹಾಗೆ ಬೀಳುತ್ತೆ!

ಚಿಕ್ಕಳಿಯ: ಪೂರ್ತಿ ಕೇಳಿ. ಚುಚ್ಚಬೇಕು ಅನ್ನೋಷ್ಟರಲ್ಲಿ ನಿಮ್ಮ ಮುಖ ಕಣ್ಮುಂದೆ ಬಂತು. ತಂತಿ ಅಲ್ಲೇ ಬಿಸಾಕಿದೆ.

ದೊಡ್ಡಳಿಯ: ಮತ್ತೆ ಯಾತ್ರಲ್ಲಿ ಉಜ್ಜಿದೆ?

‘ಉಜ್ಜಿದೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ಚಿಕ್ಕಳಿಯನಿಗೆ ದಾರಿ ಕಂಡಿತು.

ಚಿಕ್ಕಳಿಯ: ಹಲ್ಲುಜ್ಜೋ ಬ್ರಷ್ಷಲ್ಲಿ!

ದೊಡ್ಡಳಿಯ: ಭೇಷ್! ಇಷ್ಟು ಹೊತ್ತು ಇದನ್ನ ಹೇಳೋಕೇನಾಗಿತ್ತು ನಿಂಗೆ? ಹಳೇ ಬ್ರಷ್ಷು, ಸೋಪಿನ ನೀರು. ಒಳಗಿನ ಸೋಸೋ ಜಾಲರೀನೂ ಹಾಗೇ ತಾನೆ?

ಚಿಕ್ಕಳಿಯ: ಅದೇ ಬ್ರಷ್ಷು, ಅದೇ ಸೋಪು.

ಹೆಂಡತಿ: ರೀ, ನಮ್ಮನೇಲಿ ಹಳೇ ಬ್ರಷ್ಷು ಎಲ್ಲಿದೆ?

ಚಿಕ್ಕಳಿಯ: ಇತ್ತು ಕಣೇ.

ಹೆಂಡತಿ: ಇರೋದೇ ಎರಡು. ಹಸಿರು ನಿಮ್ದು. ಹಸಿರಾ?

ಚಿಕ್ಕಳಿಯ: ಛೆ, ನಂದನ್ನ ಯಾಕೆ ತಗೊಳ್ಲಿ?

ಹೆಂಡತಿ: ಹಾಗಾದ್ರೆ ನಂದು! ಇವತ್ತು ಬೆಳಿಗ್ಗೆ ನಾನು ಹಲ್ಲುಜ್ಜಿದ್ದು ಅದ್ರಲ್ಲೇ! ಥೂ! ಥೂ! ಥೂ!

ದೊಡ್ಡಳಿಯ: ಮೂರು ಸಲ ಉಗುಳಿದೆ, ಒಳ್ಳೇದಾಯ್ತು. ಈಗ ಮೂರು ಸಲ ಬಾಯಿ ಮುಕ್ಕಳಿಸಮ್ಮ.

ಅವಳು ತೊಟ್ಟಿಯ ಕಡೆ ಓಡಿದಳು. ಗಳಗಳ ಸದ್ದು ಹಿತ್ತಿಲೆಲ್ಲ ಕೇಳಿಸಿತು. ಒಂದು ಸುಳ್ಳನ್ನು ಕಾಯಲು ಇನ್ನೊಂದು ಸುಳ್ಳನ್ನು ನಿಲ್ಲಿಸಿದರೆ ಆ ಎರಡನೆಯದಕ್ಕೂ ಒಬ್ಬ ಕಾವಲುಗಾರ ಬೇಕಾಗುತ್ತದೆ ಎನ್ನುವುದು ಚಿಕ್ಕಳಿಯನಿಗೆ ಅರ್ಥವಾಗುತ್ತಾ ಬಂದಿತ್ತು.

ಚಿಕ್ಕಳಿಯ: ನಿಂದಲ್ಲ ಕಣೇ! ನಿನ್ನಾಣೆಗೂ ನಿಂದಲ್ಲ. ಪಕ್ಕದ ಹೊಲದವರದು.

ದೊಡ್ಡಳಿಯ: ಹೊಲದಲ್ಲಿ ಯಾರಪ್ಪ ಹಲ್ಲುಜ್ಜೋ ಬ್ರಷ್ಷು ಇಟ್ಕೊಂಡಿರ್ತಾರೆ?

ಚಿಕ್ಕಳಿಯ: ಅವರು ಊಟಕ್ಕೆ ಮುಂಚೆ ಉಜ್ಜೋ ಜನ. ಅಣ್ಣಾ, ನೀವು ಬ್ರಷ್ಷಿನ ಹಿಂದೆ ಬಿದ್ದು ಪಂಪು ಮರೀತಿದ್ದೀರಿ.

ದೊಡ್ಡಳಿಯ: ಹೌದಲ್ಲ. ತೊಳೆದ ನೀರು ಎಲ್ಲಿ ಚೆಲ್ಲಿದೆ?

ಚಿಕ್ಕಳಿಯ: ಬಾವಿ...

ದೊಡ್ಡಳಿಯ: ಬಾವಿ!

ಚಿಕ್ಕಳಿಯ: ...ಯಿಂದ ದೂರ.

ದೊಡ್ಡಳಿಯ: ದೂರ ಅಂದ್ರೆ ಎಲ್ಲಿ?

ಚಿಕ್ಕಳಿಯ: ಚರಂಡಿ...

ದೊಡ್ಡಳಿಯ: ಚರಂಡಿಗಾ! ಅದು ಹೋಗಿ ಕೆರೆ ಸೇರುತ್ತಲ್ಲೋ!

ಚಿಕ್ಕಳಿಯ: ...ಯಿಂದ ಇನ್ನೂ ದೂರ. ನೀವು ಎಲ್ಲಿ ಅಂತೀರೋ ಅಲ್ಲೇ ಚೆಲ್ಲಿದ್ದೀನಿ ಅಣ್ಣಾ. ಎಲ್ಲಿ ಹೇಳಿ ನೋಡೋಣ?

ದೊಡ್ಡಳಿಯ: ಔಷಧಿ ಹೊಡೆದ ಜಾಗಕ್ಕೇ ಆ ನೀರನ್ನೂ ಹೊಡೀಬೇಕು.

ಚಿಕ್ಕಳಿಯ: ಸರಿಯಾಗಿ ಹೇಳಿದ್ರಿ! ಹೊಡೆದ ಜಾಗದಲ್ಲೇ ಚೆಲ್ಲಿದ್ದು.

ಅದೊಂದನ್ನು ಪೂರ್ತಿ ಸುಳ್ಳೆನ್ನುವ ಹಾಗಿರಲಿಲ್ಲ. ಹೊಡೆದ ಜಾಗವೂ ಇರಲಿಲ್ಲ, ಚೆಲ್ಲಿದ ನೀರೂ ಇರಲಿಲ್ಲ.

ದೊಡ್ಡಳಿಯ ಎರಡೂ ಕೈಗೆ ರಬ್ಬರಿನ ಗವಸು ಹಾಕಿಕೊಂಡ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡ, ಪಂಪಿನ ಮುಚ್ಚಳ ತಿರುಗಿಸಿದ. ತಕ್ಷಣ ಕತ್ತು ಹಿಂದಕ್ಕೆಳೆದುಕೊಂಡ.

ದೊಡ್ಡಳಿಯ: ಮೂಗು ಕೊರೀತಿದೆಯಲ್ಲೋ! ಇದು ಕಳೆ ಔಷಧಿ ವಾಸನೆ.

ಚಿಕ್ಕಳಿಯನ ಮೂಗಿಗೂ ಬಡಿಯಿತು. ಅವನಿಗೆ ದಿಗಿಲಾಯಿತು. ತಾನು ಹಾಕದ ಔಷಧಿಯ ವಾಸನೆ ಒಳಗೆ ಬಂದದ್ದು ಹೇಗೆ? ಒಂದು ಕ್ಷಣ ಯೋಚಿಸಿದ. ಇನ್ನೊಂದು ಕ್ಷಣಕ್ಕೆ ಎಲ್ಲ ಹೊಳೆಯಿತು. ಪಂಪು ತನ್ನ ಕೈಗೆ ಬಂದದ್ದೇ ಹೀಗೆ! ಆ ಒಂದು ಮಾತು ಆಡಿದರೆ ಸಾಕು, ಗೆದ್ದ. ಆದರೆ ಆಡಬೇಕಾದರೆ ಮುಚ್ಚಳ ತೆಗೆಯಲಿಲ್ಲ ಎನ್ನಬೇಕು; ತೆಗೆಯಲಿಲ್ಲ ಎಂದರೆ ಆ ದಿನ ಏನು ಮಾಡಿದೆ ಎಂಬ ಪ್ರಶ್ನೆ ಬರುತ್ತದೆ. ಅತ್ತ ದರಿ, ಇತ್ತ ಹುಲಿ. ಬಾಯಿ ಮುಕ್ಕಳಿಸಿ ಬಂದ ಹುಲಿ ಪಕ್ಕದಲ್ಲೇ ನಿಂತು ಅವನ ಬೆನ್ನು ನೀವುತ್ತಿತ್ತು.

ಹೆಂಡತಿ: ಭಾವ, ಪ್ಲಾಸ್ಟಿಕ್ಕು ಅಲ್ವಾ, ತೊಳೆದ್ರೂ ಒಂದೆರಡು ದಿನ ವಾಸನೆ ಇರುತ್ತೆ. ನನ್ನ ಗಂಡ ಸೋಮಾರಿ ಇರಬಹುದು, ಮರೆಗುಳಿ ಇರಬಹುದು, ಆದ್ರೆ ಸುಳ್ಳುಗಾರ ಅಲ್ಲ. ಅವರ ಪರವಾಗಿ ನಾನು ಹೇಳ್ತೀನಿ, ಆ ಪಂಪು ತೊಳೆದಿದೆ.

ದೊಡ್ಡಳಿಯ: ನೀನು ಇಷ್ಟು ಹೇಳಿದ್ಮೇಲೆ ಮುಗೀತಮ್ಮ. ನಾಳೆಗೆ ಬಿಟ್ರೆ ಹುಳ ಒಂದು ಹೂವೂ ಉಳಿಸಲ್ಲ. ಹೊಡೆದೇಬಿಡ್ತೀನಿ.

ಅವನು ಪಂಪಿಗೆ ನೀರು ಸುರಿದ. ಹುಳದ ಔಷಧಿಯ ಬಾಟಲಿ ಕೈಗೆತ್ತಿಕೊಂಡ. ಅವನ ಹಿಂದೆ, ಕೋಲುಗಳಿಗೆ ಕಟ್ಟಿ ನಿಲ್ಲಿಸಿದ ಟೊಮೇಟೊ ಗಿಡಗಳ ತುಂಬ ಹಳದಿ ಹೂ. ಚಿಕ್ಕಳಿಯ ಹೂ ನೋಡಿದ, ಹೆಂಡತಿಯ ಮುಖ ನೋಡಿದ. ಆ ಮುಖದಲ್ಲಿದ್ದ ನಂಬಿಕೆಯನ್ನು ನೋಡಲಾಗದೆ ಮತ್ತೆ ಹೂವನ್ನೇ ನೋಡಿದ. ಕಣ್ಣು ಮುಚ್ಚಿಕೊಂಡ.

ಚಿಕ್ಕಳಿಯ: ನಿಲ್ಲಿ ಅಣ್ಣಾ! ಆ ಪಂಪು ತೊಳೆದಿಲ್ಲ.

ದೊಡ್ಡಳಿಯ: ಬಂದ್ಯಾ ದಾರಿಗೆ! ನೋಡಮ್ಮ, ನೋಡು ನಿನ್ನ ಹರಿಶ್ಚಂದ್ರನ್ನ! ಕಳೆ ಔಷಧಿ ಹೊಡೆದು, ತೊಳೀದೆ ತಂದು...

ಚಿಕ್ಕಳಿಯ: ಹೊಡೆದೂ ಇಲ್ಲ.

ಹೆಂಡತಿ: ಏನಂದ್ರಿ?

ಚಿಕ್ಕಳಿಯ: ಹೊಡೆದಿಲ್ಲ. ಮುಚ್ಚಳಾನೇ ತೆಗೆದಿಲ್ಲ. ಔಷಧಿ ಬಾಟಲಿ ಸೀಲು ಒಡೀದೆ ಹೊಲದ ಶೆಡ್ಡಲ್ಲಿದೆ, ಬೇಕಾದ್ರೆ ಹೋಗಿ ನೋಡು.

ಹೆಂಡತಿ: ಮತ್ತೆ ದಿನವೆಲ್ಲಾ ಹೊಲದಲ್ಲಿ ಏನು ಮಾಡಿದ್ರಿ?

ಚಿಕ್ಕಳಿಯ: ಮರದ ಕೆಳಗೆ... ಒಂಚೂರು... ಸಂಜೆವರೆಗೂ ಮಲಗಿದ್ದೆ.

ಹೆಂಡತಿ: ಆ ಬೆನ್ನುನೋವು?

ಚಿಕ್ಕಳಿಯ: ಅದು ಮಾತ್ರ ನಿಜ ಕಣೇ. ಮರದ ಬೇರು ಒತ್ತಿತ್ತು.

ಬೆನ್ನ ಮೇಲಿದ್ದ ಕೈ ಸರಕ್ಕನೆ ಹಿಂದಕ್ಕೆ ಹೋಯಿತು.

ಹೆಂಡತಿ: ಬೇರು ಒತ್ತಿದ್ದಕ್ಕೆ ಒಂದು ಬಟ್ಟಲು ಎಣ್ಣೆ! ಕೈಯಲ್ಲಿ ಬೊಬ್ಬೆ ಏಳೋ ಹಾಗೆ ತಿಕ್ಕಿದ್ದೀನಿ! ‘ಇನ್ನೂ ಸ್ವಲ್ಪ ಕೆಳಗೆ, ಅಲ್ಲೇ, ಅಲ್ಲೇ’ ಅಂತಿದ್ರಲ್ಲ ರೀ!

ದೊಡ್ಡಳಿಯ ಮೂಗಿನ ಬಟ್ಟೆ ಸರಿಸಿ ನಕ್ಕ. ಹೊಟ್ಟೆ ಕುಲುಕಿಸಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಹೆಂಡತಿ ಗಂಡನನ್ನು ಬಿಟ್ಟು ನಿಧಾನವಾಗಿ ಆ ಕಡೆ ತಿರುಗಿದಳು.

ಹೆಂಡತಿ: ಒಂದು ನಿಮಿಷ ಭಾವ. ಇವರು ಮುಚ್ಚಳಾನೇ ತೆಗೆದಿಲ್ಲ. ಹಾಗಾದ್ರೆ ಒಳಗಿನ ವಾಸನೆ ಯಾರದು?

ದೊಡ್ಡಳಿಯ ನಗು ನಿಲ್ಲಿಸಿ, ಸರಿಸಿದ್ದ ಬಟ್ಟೆಯನ್ನು ಮತ್ತೆ ಮೂಗಿಗೆ ಏರಿಸಿಕೊಂಡ.

ದೊಡ್ಡಳಿಯ: ವಾಸನೆ... ಅಂಥಾದ್ದೇನಿಲ್ಲಮ್ಮ.

ಚಿಕ್ಕಳಿಯ: ಮೂಗು ಕೊರೀತಿದೆ ಅಂದ್ರಿ?

ದೊಡ್ಡಳಿಯ: ನಂಗೆ ನೆಗಡಿ.

ಹೆಂಡತಿ: ಇವರಿಗೆ ಕೊಡೋ ಮುಂಚೆ ಇದ್ರಲ್ಲಿ ಏನು ಹೊಡೆದಿದ್ರಿ?

ದೊಡ್ಡಳಿಯ: ಬೇಲಿ ಸಾಲಿಗೆ ಒಂಚೂರು...

ಹೆಂಡತಿ: ಒಂಚೂರು ಏನು?

ದೊಡ್ಡಳಿಯ: ಕಳೆ ಔಷಧಿ.

ಚಿಕ್ಕಳಿಯ: ತೊಳೆದ್ರಾ ಅಣ್ಣಾ?

ದೊಡ್ಡಳಿಯ: ತೊಳೀಬೇಕು ಅಂತಲೇ ನೀರು ಹಿಡಿಯೋಕೆ ಹೋದೆ. ಅಷ್ಟರಲ್ಲಿ ನಿಮ್ಮಕ್ಕ ಊಟಕ್ಕೆ ಕರೆದ್ಲು. ಊಟ ಆದ್ಮೇಲೆ ಹಾಗೇ ಕಣ್ಣು ಹತ್ತಿಬಿಡ್ತು.

ಚಿಕ್ಕಳಿಯ: ನಿಮಗೂನಾ? ಯಾವ ಮರ?

ಹೆಂಡತಿ: ಆಹಾ! ಒಬ್ಬರು ಹೊಡೆದು ತೊಳೀಲಿಲ್ಲ, ಇನ್ನೊಬ್ಬರು ಹೊಡೀದೆ ಮೂರು ಸಲ ತೊಳೆದ್ರು. ನಮ್ಮಪ್ಪ ಅಳಿಯಂದಿರನ್ನ ಸೋಸಿದ್ದು ಅದ್ಯಾವ ಜಾಲರೀಲೋ!

ಚಿಕ್ಕಳಿಯ: ಒಂದು ಮಾತು ಅಣ್ಣಾ. ನಾನು ಪಂಪು ಒಯ್ಯದೇ ಇದ್ದಿದ್ರೆ ನೀವು ಯಾರ ಮೇಲೂ ಅನುಮಾನ ಪಡ್ತಿರ್ಲಿಲ್ಲ. ಮುಚ್ಚಳ ತೆಗೆದು, ಹುಳದ ಔಷಧಿ ಹಾಕಿ, ಹ್ಞೂಂ ಅಂತ ಹೊಡೆದುಬಿಡ್ತಿದ್ರಿ.

ದೊಡ್ಡಳಿಯ ಟೊಮೇಟೊ ಸಾಲಿನ ಕಡೆ ನೋಡಿದ. ಇನ್ನೊಬ್ಬರ ಕೈಯಿಂದ ಬಂದ ಪಂಪನ್ನು ಎಲ್ಲರೂ ಮೂಸಿ ನೋಡುತ್ತಾರೆ. ತನ್ನ ಕೈಯಲ್ಲಿದ್ದದ್ದನ್ನು ಮೂಸುವವರು ಯಾರು? ಅವನು ಒಳಗಿನಿಂದ ಇನ್ನೊಂದು ಜೊತೆ ಗವಸು ತಂದು ಷಡ್ಡಕನ ಕೈಗಿಟ್ಟ.

ಇಬ್ಬರೂ ಬಾವಿಯಿಂದಲೂ ಚರಂಡಿಯಿಂದಲೂ ದೂರಕ್ಕೆ, ಬೇಲಿಯ ಸಾಲಿಗೆ ಪಂಪು ಒಯ್ದರು. ಒಬ್ಬ ನೀರು ಹಾಕಿದ, ಇನ್ನೊಬ್ಬ ಅಲ್ಲಾಡಿಸಿದ. ತೊಳೆದ ನೀರನ್ನು ಪೈಪಿನಿಂದ ಮೊದಲು ಹೊಡೆದಿದ್ದ ಬೇಲಿಗೇ ಹೊಡೆದರು. ಆಮೇಲೆ ಸೋಪಿನ ನೀರು, ಮತ್ತೆ ಬರೀ ನೀರು. ನಾಜಲ್ಲನ್ನೂ ಜಾಲರಿಯನ್ನೂ ಬಿಚ್ಚಿ, ದೊಡ್ಡಳಿಯನ ಮನೆಯ ಹಳೇ ಬ್ರಷ್ಷಿನಲ್ಲಿ, ಅದು ಯಾರದೂ ಅಲ್ಲವೆಂದು ಖಾತ್ರಿ ಮಾಡಿಕೊಂಡೇ ಉಜ್ಜಿದರು. ಕೊನೆಗೆ ಪಂಪನ್ನು ಮುಚ್ಚಳ ತೆಗೆದು ಬೋರಲು ಹಾಕಿದರು. ಹೊತ್ತು ಇಳಿದಿತ್ತು. ಹುಳಗಳಿಗೆ ಒಂದು ರಾತ್ರಿ ವಿನಾಯಿತಿ ಸಿಕ್ಕಿತು. ಕಳೆಗೆ ಇನ್ನು ಮುಂದೆ ಬೇರೆಯೇ ಪಂಪು ಎಂದು ದೊಡ್ಡಳಿಯ ತೀರ್ಮಾನ ಕೊಟ್ಟ, ಯಾರೂ ಎದುರಾಡಲಿಲ್ಲ.

ಕೈಕಾಲು ತೊಳೆದು ಬಂದ ಮೇಲೆ ಅವನು ಅಡಿಗೆಮನೆಯ ಕಿಟಕಿಯ ಕಡೆ ಕಳ್ಳನೋಟ ಹಾಕಿ ದನಿ ತಗ್ಗಿಸಿದ.

ದೊಡ್ಡಳಿಯ: ನೋಡಮ್ಮ, ಈ ವಿಷಯ ನಿಮ್ಮಕ್ಕನ ಕಿವಿಗೆ ಬೀಳೋದು ಬೇಡ. ನನ್ನ ಮರ್ಯಾದೆ ಪ್ರಶ್ನೆ.

ಹೆಂಡತಿ: ಛೇ, ನಾನ್ಯಾಕೆ ಭಾವ ಹೇಳಿ ಹೇಳಿ ಬಾಯಿ ನೋಯಿಸ್ಕೊಳ್ಲಿ? ಒಂದೇ ಒಂದು ಸಲ ಹೇಳ್ತೀನಿ. ಮೂರು ಸಲ ನೀರಿಳಿಸೋದು ಅಕ್ಕನ ಕೆಲಸ.