ಮೊಳಕಾಲ್ಮೂರಿನಲ್ಲಿ ಬಿಟ್ಟು ಬಂದ ಎಂಜಿನ್ನು

ವಾದದಲ್ಲಿ ಗೆಲ್ಲುವುದು ಹೇಗೆಂದು ಕಲಿಸುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಯಾವಾಗ ಸೋಲಬೇಕೆಂದು ಕಲಿಸುವವರು ಒಬ್ಬರೂ ಸಿಗುವುದಿಲ್ಲ. ನನಗಂತೂ ಸಿಗಲಿಲ್ಲ. ಹೈಸ್ಕೂಲಿನಿಂದ ಹಿಡಿದು ಡಿಗ್ರಿ ಮುಗಿಯುವ ತನಕ ನಾನು ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವನು. ಚೀಟಿಯಲ್ಲಿ ಪರ ಎಂದು ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ. ಬೆಳಿಗ್ಗೆ ಮೊಬೈಲು ಮನುಷ್ಯಕುಲದ ಶತ್ರುವೆಂದು ಸಾಬೀತುಮಾಡಿ, ಮಧ್ಯಾಹ್ನ ಸಂಘಟಕರ ಅನ್ನಸಾರು ಉಂಡು, ಸಂಜೆ ಅದೇ ಮೈಕಿನ ಮುಂದೆ ಮೊಬೈಲಿಲ್ಲದೆ ಮನುಷ್ಯಕುಲವೇ ಇಲ್ಲವೆಂದು ಸಾಬೀತುಮಾಡಿ ಎರಡು ಕಪ್ಪು ಹಿಡಿದುಕೊಂಡು ಚಳ್ಳಕೆರೆ ಬಸ್ಸು ಹತ್ತಿದ್ದುಂಟು. ಅವ್ವ ಆ ಕಪ್ಪುಗಳನ್ನೆಲ್ಲ ತಿರುಗಿಸಿ ನೋಡಿ, “ಒಂದ್ರಾಗಾರ ಉಪ್ಪು ತುಂಬಿಡಾಕೆ ಬರ್ತೈತೇನಪ್ಪ?” ಎಂದು ಕೇಳಿದ್ದಳು. ಬರುವುದಿಲ್ಲ. ತಳದಲ್ಲಿ ಸ್ಕ್ರೂ ಹಾಕುವ ತೂತಿರುತ್ತದೆ.

ನಮ್ಮದೊಂದು ಸಣ್ಣ ಎಣ್ಣೆ ಮಿಲ್ಲಿದೆ. ಓದು ಮುಗಿದ ಮೇಲೆ ಅಪ್ಪ ನನ್ನನ್ನು ಗಲ್ಲಾದ ಹತ್ತಿರ ಕೂರಿಸಿದರು. ಒಂದು ಭಾನುವಾರ ಹಳೆಯ ಗಿರಾಕಿಯೊಬ್ಬರು ಬಂದು, ಕಡಲೆಕಾಯಿ ಎಣ್ಣೆಗೆ ಮೊದಲಿನ ಘಮವೇ ಇಲ್ಲವಲ್ಲ ಎಂದರು. ಘಮದ ನೆನಪು ಎಷ್ಟು ನಂಬಲರ್ಹ, ಇಪ್ಪತ್ತು ವರ್ಷದ ಹಿಂದಿನ ಮೂಗು ಮತ್ತು ಇಂದಿನ ಮೂಗು ಒಂದೇ ಎನ್ನುವುದಕ್ಕೆ ಆಧಾರವೇನು ಎಂದು ನಾನು ಸೌಜನ್ಯದಿಂದಲೇ ಕೇಳಿದೆ. ಅವರು ತಂದಿದ್ದ ಡಬ್ಬಿ ಎತ್ತಿಕೊಂಡರು. ಎದುರು ಮಿಲ್ಲಿಗೆ ಹೋಗಿ ಎಣ್ಣೆ ತೆಗೆದುಕೊಂಡರು. ಅಂದಿನಿಂದ ಭಾನುವಾರ, ಅಂದರೆ ಗಿರಾಕಿ ಹೆಚ್ಚಿರುವ ದಿನ, ಮಿಲ್ಲಿನ ಸುತ್ತಮುತ್ತ ಕಾಣಿಸಿಕೊಳ್ಳಬಾರದೆಂದು ಅಪ್ಪನ ಆಜ್ಞೆಯಾಯಿತು. ಹೀಗೆ ನನಗೆ ಭಾನುವಾರಗಳು ಸಿಕ್ಕವು. ಆ ಭಾನುವಾರಗಳನ್ನು ಅಂಜಿ ತೆಗೆದುಕೊಂಡ.

ಅಂಜಿ ಎಂದರೆ ಆಂಜನೇಯುಲು, ಕಾಲೇಜಿನ ಗೆಳೆಯ, ಮೊಳಕಾಲ್ಮೂರಿನ ನೇಕಾರರ ಮನೆಯವನು, ಈಗ ಅಲ್ಲೇ ಮೊಬೈಲು ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನು ಆನ್‌ಲೈನಿನಲ್ಲಿ ಅಂಗೈಯಗಲದ ಎಂಜಿನ್ನು, ಎರಡು ಬೋಗಿ, ಒಂದಿಷ್ಟು ಹಳಿ ತರಿಸಿ, ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗಿನ ರೈಲುದಾರಿಯನ್ನು ಮನೆಯೊಳಗೇ ಕಟ್ಟೋಣವೆಂದಾಗ ನಾನು ನಕ್ಕೆ. ಇಪ್ಪತ್ತೈದು ದಾಟಿದ ಗಂಡಸರು ಆಟದ ರೈಲು ಓಡಿಸುವುದರ ವಿರುದ್ಧ ಬಸ್ಸಿನಲ್ಲಿ ಹೋಗುವಾಗಲೇ ಏಳು ಅಂಶ ಯೋಚಿಸಿಟ್ಟುಕೊಂಡಿದ್ದೆ. ಅವನ ಮನೆಗೆ ಹೋಗಿ ನೋಡಿದರೆ, ಮಗ್ಗದ ಕೋಣೆಯಲ್ಲಿ, ಅವನಪ್ಪ ತೀರಿಕೊಂಡ ಮೇಲೆ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ್ದ ಜಾಗದಲ್ಲಿ, ಕಾಲಿಳಿಬಿಟ್ಟು ನೇಯುವ ಗುಂಡಿಯ ಮೇಲೆ ಮೂರು ಹಲಗೆ ಜೋಡಿಸಿದ್ದರು. ಅವನ ತಂಗಿ ಸುಜಾತ ನೆಲದ ಮೇಲೆ ಕೂತು ಗ್ರಾಫ್ ಹಾಳೆಯ ಮೇಲೆ ಹಳಿಯ ತಿರುವು ಬರೆಯುತ್ತಿದ್ದಳು. ಸೀರೆಯ ಅಂಚಿಗೆ ನವಿಲು, ಮಾವಿನಕಾಯಿ ಚಿತ್ರ ಬರೆದುಕೊಡುವುದು ಅವಳ ಕೆಲಸ. ಅದೇ ಹಾಳೆ, ಅದೇ ಪೆನ್ಸಿಲು, ಚೌಕದ ಮನೆಮನೆ ಎಣಿಸಿಕೊಂಡು ರೈಲುದಾರಿ. ನನ್ನ ಏಳು ಅಂಶಗಳಲ್ಲಿ ಒಂದೂ ನೆನಪಾಗಲಿಲ್ಲ. ಆದರೂ ಮರ್ಯಾದೆಗೆಂದು, ಕಟ್ಟುವುದಾದರೆ ಸುಳ್ಳು ಕಟ್ಟಬಾರದು, ಇದ್ದದ್ದನ್ನು ಇದ್ದಂತೆ ಕಟ್ಟಬೇಕು ಎಂದೆ.

ಹಾಗೇ ಕಟ್ಟಿದೆವು. ನಮ್ಮ ಮಿಲ್ಲಿನಿಂದ ನಾನು ಒಯ್ದ ಕಡಲೆಕಾಯಿಯ ಕೆಂಪು ಸಿಪ್ಪೆಯನ್ನು ಪುಡಿಮಾಡಿ ಚೆಲ್ಲಿದರೆ ಥೇಟು ಉತ್ತ ಹೊಲ. ರೇಷ್ಮೆಯ ತ್ಯಾಜ್ಯಕ್ಕೆ ಹಸಿರು ಬಣ್ಣ ಹಾಕಿ ಹಿಂಜಿದರೆ ಬಳ್ಳಾರಿ ಜಾಲಿ. ಗುಡ್ಡದ ಬಂಡೆಗಳಿಗೆ ಗುಡ್ಡದ್ದೇ ಕಲ್ಲುಹರಳು. ದೇವಸಮುದ್ರದ ಕಡೆಯ ಕುರಿಗಾರರೊಬ್ಬರು ಮೊಬೈಲಿನ ಗಾಜು ಹಾಕಿಸಿಕೊಂಡು ಹೋಗುವಾಗ ಒಂದು ಹಿಡಿ ಉಣ್ಣೆ ಕೊಟ್ಟರು. ಅದರಲ್ಲಿ ಸುಜಾತ ಅಕ್ಕಿಕಾಳಿಗೆ ಉಣ್ಣೆ ಅಂಟಿಸಿ ನೂರಾರು ಕುರಿ ಮಾಡಿದಳು. ಚಳ್ಳಕೆರೆ ಪ್ಲಾಟ್‌ಫಾರಮ್ಮಿನ ಮೇಲೆ ಕನ್ನಡಕ ಹಾಕಿದ, ಬಾಯಿ ತೆರೆದ ಒಂದು ಗೊಂಬೆಯನ್ನೂ ನಿಲ್ಲಿಸಿದಳು. ಯಾರಿದು ಎಂದು ಕೇಳಿದೆ. “ನೀವೇ ರುದ್ರೇಶ್. ಬಾಯಿ ಮುಚ್ಚಿದ್ದು ಒಂದು ಮಾಡಿದ್ದೆ, ಯಾರಂತ ಯಾರಿಗೂ ಗೊತ್ತಾಗ್ಲಿಲ್ಲ” ಎಂದಳು.

ಇಲ್ಲಿ ಒಂದು ವಿಷಯ ಹೇಳಬೇಕು. ಅಂಜಿಯ ಗೆಳೆಯರನ್ನೆಲ್ಲ ಸುಜಾತ ಅಣ್ಣ ಎಂದು ಕರೆಯುತ್ತಾಳೆ. ಅಂಗಡಿಗೆ ಸಿಮ್ಮು ಹಾಕಿಸಲು ಬಂದವನೂ ಅಣ್ಣನೇ. ನನ್ನನ್ನು ಮಾತ್ರ ಎರಡು ವರ್ಷದಲ್ಲಿ ಒಮ್ಮೆಯೂ ಅಣ್ಣ ಎನ್ನಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೇ ಬಸ್‌ಸ್ಟ್ಯಾಂಡಿನವರೆಗೆ ಹಾಡುತ್ತಾ ಹೋಗುತ್ತಿದ್ದರು. ನಾನು ಸಂಶಯವಾದಿ. ಒಂದು ಮಾತನ್ನು ಆಡದೆ ಇರುವುದು ಇನ್ನೊಂದು ಮಾತಿಗೆ ಆಧಾರವಾಗಲಾರದು, ಮರೆತಿರಬಹುದು, ಅಭ್ಯಾಸವಿಲ್ಲದಿರಬಹುದು ಎಂದು ನನಗೆ ನಾನೇ ವಾದಿಸಿ ನನ್ನನ್ನು ಸೋಲಿಸಿದೆ. ಸೋತವನು ವಾರವಿಡೀ ಎಣ್ಣೆ ಡಬ್ಬಿಗಳ ನಡುವೆ ಭಾನುವಾರ ಯಾವಾಗ ಬರುತ್ತದೆಂದು ಕಾಯುತ್ತಿದ್ದ.

ರೈಲೇನೋ ಸಿದ್ಧವಾಯಿತು. ಅಂಜಿ ಅದನ್ನು ದಿನವಿಡೀ ಓಡಿಸಬೇಕೆಂದ. ನಾನು ತಡೆದೆ. ಇದ್ದದ್ದನ್ನು ಇದ್ದಂತೆ ಎಂದ ಮೇಲೆ ಹಳಿ, ಕಲ್ಲು, ಕುರಿ ಮಾತ್ರ ನಿಜವಿದ್ದು ಸಮಯ ಮಾತ್ರ ಸುಳ್ಳಾದರೆ ಹೇಗೆ? ನಮ್ಮ ದಾರಿಯಲ್ಲಿ ಐದು ನಿಮಿಷಕ್ಕೊಂದು ಗಾಡಿ ಹೋಗುವುದನ್ನು ಯಾರಾದರೂ ಕಂಡಿದ್ದಾರೆಯೇ? ಮುಕ್ಕಾಲು ಗಂಟೆ ಮಾತಾಡಿದೆ. ಅಂಜಿ ಸುಸ್ತಾಗಿ, “ಆತು ಬಿಡಲೇ, ನೀ ಹೇಳಿದಂಗೇ ಆಗ್ಲಿ” ಎಂದ. ಹೀಗೆ ನಮ್ಮ ಮಗ್ಗದ ಕೋಣೆಯ ರೈಲು ನಿಜವಾದ ರೈಲು ಬರುವ ಹೊತ್ತಿಗೆ ಮಾತ್ರ ಬರಬೇಕೆಂದು ತೀರ್ಮಾನವಾಯಿತು. ನಾನು ಅಲ್ಲಿರುತ್ತಿದ್ದ ಭಾನುವಾರದ ಹಗಲಿನಲ್ಲಿ ಒಂದೇ ಒಂದು ಪ್ಯಾಸೆಂಜರು. ಅದೂ ತಡವಾದರೆ ನಮ್ಮದೂ ತಡ. ಮೊಬೈಲಿನಲ್ಲಿ ನೋಡಿ, ನಿಜವಾದ ಗಾಡಿ ಚಳ್ಳಕೆರೆ ಬಿಟ್ಟಿತೆಂದು ಖಾತ್ರಿಯಾದ ಮೇಲೇ ನಮ್ಮ ಎಂಜಿನ್ನಿಗೆ ಕರೆಂಟು. ಮೂರು ಹಲಗೆ ದಾಟಲು ಅದಕ್ಕೆ ನಲವತ್ತು ಸೆಕೆಂಡು ಸಾಕಿತ್ತು.

ನೋಡಲು ಬಂದ ಬೀದಿಯವರು ಮೊದಲ ವಾರ ಅರ್ಧ ಗಂಟೆ ಕೂತು ಎದ್ದುಹೋದರು. ಎರಡನೆಯ ವಾರ ಯಾರೂ ಬರಲಿಲ್ಲ. ಹೀಗಾಗಿ ಆ ಖಾಲಿ ಹಳಿಗಳ ಮುಂದೆ ಕಾಯಲು ಉಳಿದವರು ನಾವು ಮೂವರು. ಅಂಜಿಗೆ ಅಂಗಡಿಯಿಂದ ಕರೆ ಬಂದರೆ ಇಬ್ಬರು. ಸುಜಾತ ಸೀರೆಯ ಚಿತ್ರದ ಮನೆಗಳಿಗೆ ಬಣ್ಣ ತುಂಬುತ್ತಿದ್ದಳು. ನಾನು ದೇವರಿದ್ದಾನೆಯೇ, ಬದನೆಕಾಯಿ ತರಕಾರಿಯೇ ಎಂದು ಏನಾದರೊಂದು ಎತ್ತುತ್ತಿದ್ದೆ. ಅವಳು ತಲೆಯೆತ್ತದೆ ಒಂದೇ ಮಾತಿನಲ್ಲಿ ಅದಕ್ಕೊಂದು ಗುಂಡಿ ತೋಡುತ್ತಿದ್ದಳು. ಅವರಮ್ಮ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟು, “ರೈಲು ಎಲ್ಲಿಗೆ ಬಂತು ನಾಯನಾ?” ಎಂದು ವಿಚಾರಿಸುತ್ತಿದ್ದರು. ಮನೆಯಲ್ಲಿ ಅವರಾಡುವುದು ತೆಲುಗು, ನನ್ನ ಜೊತೆ ಕನ್ನಡ, ಅಪ್ಪಾ ಎಂಬಂಥ ನಾಯನಾ ಮಾತ್ರ ಎರಡಕ್ಕೂ ಸೇರಿದ್ದು. ಇನ್ನೂ ಚಿತ್ರದುರ್ಗವನ್ನೇ ಬಿಟ್ಟಿಲ್ಲವೆಂದರೆ ನನಗೆ ಒಳಗೊಳಗೇ ಹಬ್ಬ. ನನ್ನ ತಲೆಮಾರಿನಲ್ಲಿ ರೈಲು ತಡವಾಗಲಿ ಎಂದು ಹಂಬಲಿಸಿದವನು ನಾನೊಬ್ಬನೇ ಇರಬೇಕು. ಒಂದು ಸಲ ಅದು ಬರಲೇ ಇಲ್ಲ, ಸಂಜೆಯ ಬಸ್ಸಿನ ಹೊತ್ತಾಗುವ ತನಕ ಕೂತಿದ್ದೆವು. ಅಷ್ಟು ಒಳ್ಳೆಯ ರೈಲನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಹೋದ ತಿಂಗಳು ಅಂಜಿಯ ಅಮ್ಮ ಮಗ್ಗವನ್ನು ಅಟ್ಟದಿಂದ ಇಳಿಸಬೇಕೆಂದರು. ಆ ಮನೆತನದಲ್ಲಿ ಮಗಳ ಧಾರೆಯ ಸೀರೆ ಕೊಂಡು ತರುವ ಪದ್ಧತಿಯಿಲ್ಲ, ಮನೆಯ ಮಗ್ಗದಲ್ಲೇ ನೇಯಬೇಕು. ಅವರೇ ಕೂತು ನೇಯುತ್ತಾರಂತೆ. ಕೈಯಲ್ಲಿದ್ದ ಬಜ್ಜಿಯನ್ನು ತಟ್ಟೆಗಿಟ್ಟೆ. ಗಂಡು ಗೊತ್ತಾಗಿದೆಯೇ ಎಂದು ಕೇಳಿದೆ. ಇಲ್ಲವಂತೆ. ಹಾಗಿದ್ದರೆ ಗಂಡಿಲ್ಲದೆ ಸೀರೆಗೆ ಕೈ ಹಾಕುವುದು ತರ್ಕಕ್ಕೆ ಹೊಂದುತ್ತದೆಯೇ, ಕಾರ್ಯಕ್ಕಿಂತ ಕಾರಣ ಮೊದಲಿರಬೇಡವೇ ಎಂದು ಶುರುಮಾಡಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡರು. “ಗಂಡು ಸಿಕ್ಕಮ್ಯಾಲೆ ಮಗ್ಗಕ್ಕೆ ಹಾಸು ಹೂಡಿದ್ರೆ ತಡ ಆಗ್ತೈತೆ ನಾಯನಾ. ಸೀರೆ ಮುಗಿಯೋದ್ರೊಳಗೆ ಯಾರಾರ ಬಂದು ಬಾಯಿಬಿಟ್ಟು ಕೇಳ್ತಾರೆ ಬಿಡು” ಎಂದು ನನ್ನ ತಟ್ಟೆಗೆ ಇನ್ನೆರಡು ಬಜ್ಜಿ ಹಾಕಿದರು. ಇದು ಭರವಸೆಯೇ ಹೊರತು ವಾದವಲ್ಲವೆಂದು ನಾನು ತೋರಿಸಿಕೊಟ್ಟೆ.

ಮುಂದಿನ ಭಾನುವಾರ ಮಗ್ಗಕ್ಕೆ ಜಾಗ ಬಿಡಲು ರೈಲುದಾರಿ ಬಿಚ್ಚಿದೆವು. ಮೊಳಕಾಲ್ಮೂರಿನ ಹಲಗೆ, ನಡುವಿನ ಗುಡ್ಡ ಹೊಲಗಳ ಹಲಗೆ ಅವರ ಅಟ್ಟಕ್ಕೆ. ಚಳ್ಳಕೆರೆಯ ಹಲಗೆ ನನಗೆ. ಅಷ್ಟರವರೆಗೆ ತಕರಾರಿರಲಿಲ್ಲ. ಸುಜಾತ ಎಂಜಿನ್ನನ್ನು ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ನನ್ನ ಮುಂದಿಟ್ಟಳು.

“ಇದು ನಿಮ್ಮ ಹತ್ರ ಇರ್ಲಿ.”

ನಾನು ಒಪ್ಪಲಿಲ್ಲ. ಎಂಜಿನ್ನು ತರಿಸಿದವನು ಅಂಜಿ, ಕೆಟ್ಟಾಗಲೆಲ್ಲ ಬಿಚ್ಚಿ ಸರಿಮಾಡಿದವನು ಅಂಜಿ, ಮೂರು ಹಲಗೆಯಲ್ಲಿ ಎರಡು ಇರುವುದು ಇಲ್ಲಿ, ಆದ್ದರಿಂದ ನ್ಯಾಯವಾಗಿ ಅದು ಇಲ್ಲೇ ಇರಬೇಕು ಎಂದೆ. ಅಂಜಿ, ನನಗೇನೂ ಬೇಡ ಮಾರಾಯ ಎಂದ. ಅವನ ಔದಾರ್ಯ ಬೇರೆ, ನ್ಯಾಯ ಬೇರೆ ಎಂದೆ. ಸುಜಾತ ಡಬ್ಬಿಯನ್ನು ಇನ್ನೂ ಒಂದು ಗೇಣು ನನ್ನ ಕಡೆಗೆ ತಳ್ಳಿದಳು.

“ಅದು ನಿಮ್ಮ ಹತ್ರ ಇದ್ರೆ, ನಮ್ಮ ಹಲಗೆ ಮ್ಯಾಲೆ ಓಡ್ಸಾಕೆ ಯಾರಾರ ಅದನ್ನ ತಗಂಡು ಬರ್ಬೇಕಾಗ್ತೈತಲ್ಲ.”

“ಅದನ್ನೇ ನಾನು ಹೇಳ್ತಿರೋದು” ಎಂದೆ ನಾನು, ಎದುರಾಳಿ ತಾನಾಗಿ ಬಂದು ಬಲೆಗೆ ಬಿದ್ದಾಗ ಬರುವ ಹುಮ್ಮಸ್ಸಿನಲ್ಲಿ. ಆ ರಸ್ತೆ, ಆ ಬಸ್ಸು, ಆ ಕುಲುಕಾಟ. ಪದೇಪದೇ ಹೊತ್ತು ತಿರುಗಿದರೆ ಇಷ್ಟು ಸೂಕ್ಷ್ಮ ಚಕ್ರಗಳು ಎಷ್ಟು ದಿನ ಬಾಳಿಕೆ ಬರುತ್ತವೆ? ತರುವ ಪ್ರಮೇಯವೇ ಬರದಂತೆ ಇಲ್ಲಿಯೇ ಇಡುವುದು ಎಲ್ಲರಿಗೂ ಕ್ಷೇಮ. ಸುಜಾತ ಡಬ್ಬಿಯನ್ನು ಎತ್ತಿಕೊಂಡಳು.

“ಸರಿ. ನೀವೇ ಗೆದ್ರಿ” ಎಂದು ಒಳಗೆ ಹೋದಳು.

ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಗೆದ್ದ ಖುಷಿ ಇತ್ತು. ಕೊಂಡ್ಲಹಳ್ಳಿಯಲ್ಲಿ ಹತ್ತಿ ನನ್ನ ಪಕ್ಕದಲ್ಲಿ ಕೂತ ಅಜ್ಜಿ ಹಲಗೆಯನ್ನು ನೋಡಿ, “ರೈಲಿನ ಮನೆ ಐತಲ್ಲ, ರೈಲೆಲ್ಲೈತಪ್ಪ?” ಎಂದು ಕೇಳಿತು. ಮೊಳಕಾಲ್ಮೂರಿನಲ್ಲಿ ಬಿಟ್ಟು ಬಂದೆ ಎಂದೆ. ಯಾಕೆ ಎಂದು ಕೇಳಿತು. ಕಾರಣ ಹೇಳಲು ಬಾಯಿ ತೆರೆದೆ. ಆಗ, ಯಾರಾರ ಅದನ್ನ ತಗಂಡು ಬರ್ಬೇಕಾಗ್ತೈತಲ್ಲ ಎಂದು ಸುಜಾತ ಹೇಳಿದ ಮಾತು ಕಿವಿಗೆ ಬಿತ್ತು. ಅದನ್ನು ಅವಳು ಹೇಳಿ ಆಗಲೇ ಎರಡು ಗಂಟೆಯಾಗಿತ್ತು. ಇಳಿದು ವಾಪಸು ಹೋಗಬಹುದಿತ್ತು. ಆದರೆ ತೀರ್ಪು ಬಂದ ಮೇಲೆ ಗೆದ್ದವನು ಮೇಲ್ಮನವಿ ಸಲ್ಲಿಸುವ ಕ್ರಮ ನಾನು ಎಲ್ಲೂ ಓದಿರಲಿಲ್ಲ.

ಈಗ ನನ್ನ ಮಂಚದ ಪಕ್ಕದಲ್ಲಿ ಚಳ್ಳಕೆರೆ ಸ್ಟೇಷನ್ನಿದೆ. ಭಾನುವಾರ ಮಧ್ಯಾಹ್ನ ಊರಾಚೆಯಿಂದ ನಿಜವಾದ ಗಾಡಿಯ ಕೂಗು ಕೇಳಿಸುತ್ತದೆ. ಎದ್ದು ಕೂತು ಎರಡಡಿ ಉದ್ದದ ಹಳಿ ನೋಡುತ್ತೇನೆ. ಅವ್ವ ಒಮ್ಮೆ ಬಾಗಿಲಲ್ಲಿ ನಿಂತು, ಏನು ನೋಡ್ತಿದ್ದೀಯ ಎಂದು ಕೇಳಿದಳು. ಏನೂ ಇಲ್ಲ ಎಂದೆ. ಅದಕ್ಕೆ ಅಷ್ಟೊತ್ತು ಬೇಕಾ ಎಂದಳು.

ಅಂಜಿಗೆ ವಾರಕ್ಕೆ ಎರಡು ಸಲ ಫೋನು ಮಾಡಿ ಸೀರೆ ಎಷ್ಟಾಯಿತೆಂದು ವಿಚಾರಿಸುತ್ತೇನೆ, ಕೈಮಗ್ಗದ ಬಗ್ಗೆ ನನಗಿರುವ ಆಸಕ್ತಿಯಿಂದ. ಮೊದಲು ಒಂದು ಗಜವೆಂದ, ಆಮೇಲೆ ಎರಡೂವರೆ. ಅಮ್ಮನಿಗೆ ಸೊಂಟನೋವು, ಎರಡು ದಿನ ಮಗ್ಗಕ್ಕಿಳಿಯಲಿಲ್ಲ ಎಂದಾಗ ನನಗೆ ಸಮಾಧಾನವಾಯಿತು. ಆ ಸಮಾಧಾನಕ್ಕೆ ನಾಚಿಕೆಯಾಗಿ ಒಂದು ಬಾಟಲಿ ಎಳ್ಳೆಣ್ಣೆ ಕಳಿಸಿದೆ. ಎಣ್ಣೆ ಒಳ್ಳೆಯದಿತ್ತು. ಅಮ್ಮ ಮರುದಿನವೇ ಮಗ್ಗಕ್ಕಿಳಿದರು. ಮೊನ್ನೆ ನಾಲ್ಕು ಗಜ ದಾಟಿದೆ, ಉಳಿದದ್ದು ಸೆರಗಿನ ಕಡೆಯದ್ದು ಎಂದ ಅಂಜಿ, ಫೋನಿಡುವ ಮೊದಲು ಹೇಳಿದ:

“ಲೇ ರುದ್ರ, ಚಳ್ಳಕೆರೆ ಹುಡುಗ ಯಾಕೆ ಬರ್ತಾ ಇಲ್ಲ ಅಂತ ಅಮ್ಮ ಕೇಳ್ತಿದ್ಲು. ಅವರಿಗೆ ಬರಾಕೆ ಕಾರಣ ಇಲ್ಲ, ಅವರೇ ಸಾಬೀತು ಮಾಡಿ ಹೋಗ್ಯಾರೆ ಅಂದ್ಲು ಸುಜಾತ.”

ಆಗಲೂ ಅಣ್ಣ ಎನ್ನಲಿಲ್ಲವೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಈ ಭಾನುವಾರ ಮೊಳಕಾಲ್ಮೂರಿಗೆ ಹೋಗುತ್ತಿದ್ದೇನೆ, ಸೋಲಲಿಕ್ಕೆ. ಅಲ್ಲಿ ನಾನು ಹೇಳಬೇಕಾದದ್ದು ಒಂದೇ ಒಂದು ವಾಕ್ಯ. ಎಷ್ಟಾದರೂ ಅಭ್ಯಾಸ ಬಿಡುವುದಿಲ್ಲ ನೋಡಿ, ನಾಲ್ಕು ರಾತ್ರಿ ಕೂತು ಸಿದ್ಧತೆ ಮಾಡಿಕೊಂಡಿದ್ದೇನೆ. ಆ ವಾಕ್ಯಕ್ಕೆ ಅವರಮ್ಮನಿಂದ, ನಮ್ಮಪ್ಪನಿಂದ, ಎರಡೂ ಕಡೆಯ ನೆಂಟರಿಂದ ಬರಬಹುದಾದ ಹನ್ನೊಂದು ಆಕ್ಷೇಪಗಳನ್ನು ಪಟ್ಟಿಮಾಡಿ, ಹನ್ನೊಂದಕ್ಕೂ ಉತ್ತರ ಬರೆದಿಟ್ಟುಕೊಂಡಿದ್ದೇನೆ. ವಾಕ್ಯವನ್ನು ಮಾತ್ರ ಇನ್ನೂ ಬರೆದಿಲ್ಲ.